ಭೂತದ ಬಾಯಲ್ಲಿ ಬುದ್ಧಿವಾದ: ಕ್ರೈಸ್ತ ವಿಡಂಬನೆ ಕೆಡುಕನ್ನು ತೋರಿಸುವ ಬಗೆ

1940ರ ಜುಲೈ 19, ಶುಕ್ರವಾರ. ಫ್ರಾನ್ಸ್ ಶರಣಾಗಿ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಅಂದು ಹಿಟ್ಲರ್ ಬರ್ಲಿನ್‌ನಲ್ಲಿ ಮಾಡಿದ ಭಾಷಣವನ್ನು ಬಿಬಿಸಿ ಇಂಗ್ಲಿಷಿನಲ್ಲಿ ಬಿತ್ತರಿಸಿತು. ಆಕ್ಸ್‌ಫರ್ಡ್‌ನಲ್ಲಿ ಸಾಹಿತ್ಯದ ಅಧ್ಯಾಪಕರಾಗಿದ್ದ ಸಿ. ಎಸ್. ಲೂಯಿಸ್ ಅದನ್ನು ಕೇಳಿದರು. ಆಮೇಲೆ ಅಣ್ಣನಿಗೆ ಬರೆದ ಕಾಗದದಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ಒಪ್ಪಿಕೊಂಡರು: ಆತ ಹೇಳುತ್ತಿರುವುದು ಸುಳ್ಳೆಂದು ಗೊತ್ತಿದ್ದರೂ, ಭಾಷಣ ನಡೆಯುತ್ತಿರುವಷ್ಟು ಹೊತ್ತು ಮನಸ್ಸು ಒಂದಿಷ್ಟಾದರೂ ಅಲುಗಾಡದೆ ಇರಲಿಲ್ಲ. ಅದೇ ಕಾಗದದಲ್ಲಿ ಭಾನುವಾರದ ಸುದ್ದಿಯೂ ಇದೆ. ಕಾಯಿಲೆಯಿಂದಾಗಿ ಕೆಲವು ವಾರ ತಪ್ಪಿಹೋಗಿದ್ದ ಚರ್ಚಿಗೆ ಅಂದು ಹೋಗಿದ್ದರು. ಹೆಡಿಂಗ್ಟನ್ ಕ್ವಾರಿಯ ಹೋಲಿ ಟ್ರಿನಿಟಿ ಚರ್ಚು. ಆರಾಧನೆ ಮುಗಿಯುವ ಹೊತ್ತಿಗೆ ಒಂದು ಪುಸ್ತಕ ಹೊಳೆಯಿತು: ನಿವೃತ್ತನಾದ ಮುದಿ ಪಿಶಾಚಿಯೊಂದು, ಆಗಷ್ಟೇ ಮೊದಲ ಮನುಷ್ಯನ ಮೇಲೆ ಕೆಲಸ ಶುರುಮಾಡಿರುವ ಎಳೆಯ ಪಿಶಾಚಿಗೆ ಬರೆಯುವ ಪತ್ರಗಳು.

ಈ ಎರಡು ದಿನಗಳನ್ನು ಒಂದೇ ಎಳೆಯಾಗಿ ನೋಡದಿರುವುದು ನನಗೆ ಕಷ್ಟ. ಸುಳ್ಳೆಂದು ಗೊತ್ತಿರುವ ಮಾತೂ ನಮ್ಮನ್ನು ಹೇಗೆ ಅಲ್ಲಾಡಿಸುತ್ತದೆ? ಕೆಡುಕಿಗೆ ನಮ್ಮೊಳಗೆ ಬಾಗಿಲು ತೆರೆಯುವವರು ಯಾರು? ಆ ಪುಸ್ತಕದ ಕೇಳ್ವಿ ಇದೇ. ಅದರ ಹಿಂದೆ ಹದಿನೈದು ನೂರು ವರ್ಷಗಳಿಗೂ ಹೆಚ್ಚಿನ ಕ್ರೈಸ್ತ ಚಿಂತನೆ ಇದೆ. ಆ ಚಿಂತನೆ ತಿಳಿದರೆ, ಇಷ್ಟು ಗಂಭೀರ ವಿಷಯವನ್ನು ಹೇಳಲು ವಿಡಂಬನೆಯೇ ಯಾಕೆ ಬೇಕಾಯಿತು ಎಂಬುದೂ ತಿಳಿಯುತ್ತದೆ.

ಮೊದಲು ಪುಸ್ತಕದ ಕಟ್ಟಡ ನೋಡೋಣ. ‘ದಿ ಸ್ಕ್ರೂಟೇಪ್ ಲೆಟರ್ಸ್’ 1941ರ ಮೇ ತಿಂಗಳಿಂದ ನವೆಂಬರ್‌ವರೆಗೆ ‘ದಿ ಗಾರ್ಡಿಯನ್’ ಎಂಬ ಆಂಗ್ಲಿಕನ್ ವಾರಪತ್ರಿಕೆಯಲ್ಲಿ ಬಂತು. ಇದು ಇಂದಿನ ಪ್ರಸಿದ್ಧ ದಿನಪತ್ರಿಕೆಯಲ್ಲ, ಹೆಸರಷ್ಟೇ ಒಂದು. ಒಟ್ಟು 31 ಪತ್ರಗಳು. ಪತ್ರವೊಂದಕ್ಕೆ 2 ಪೌಂಡಿನಂತೆ ಬಂದ ಸಂಭಾವನೆಯನ್ನು ಲೂಯಿಸ್ ಪಾದ್ರಿಗಳ ವಿಧವೆಯರ ನಿಧಿಗೆ ಕೊಡಿಸಿದರು. 1942ರ ಫೆಬ್ರುವರಿಯಲ್ಲಿ ಪುಸ್ತಕವಾಯಿತು. ಪತ್ರ ಬರೆಯುವವನು ಸ್ಕ್ರೂಟೇಪ್, ನರಕದ ಆಡಳಿತದಲ್ಲಿ ಹಿರಿಯ ಅಧಿಕಾರಿ. ಪಡೆಯುವವನು ಅಳಿಯ ವರ್ಮ್‌ವುಡ್. ಆ ಹೆಸರಿನ ಅರ್ಥ ಮಾಚಿಪತ್ರೆಯ ಜಾತಿಯ ಕಹಿ ಗಿಡ. ಬೈಬಲಿನ ಪ್ರಕಟನೆ ಗ್ರಂಥದಲ್ಲಿ ಆಕಾಶದಿಂದ ಬಿದ್ದು ನೀರನ್ನು ಕಹಿ ಮಾಡುವ ನಕ್ಷತ್ರಕ್ಕೂ ಇದೇ ಹೆಸರು. ವರ್ಮ್‌ವುಡ್‌ನ ವಶಕ್ಕೆ ಕೊಟ್ಟಿರುವ ಮನುಷ್ಯನಿಗೆ ಮಾತ್ರ ಹೆಸರಿಲ್ಲ. ಅವನು ಬರೀ ‘ರೋಗಿ’. ದೇವರು ‘ಶತ್ರು’. ಸೈತಾನ ‘ಕೆಳಗಿರುವ ನಮ್ಮ ತಂದೆ’.

ಹೀಗೆ ಎಲ್ಲವೂ ತಲೆಕೆಳಗು. ಸ್ಕ್ರೂಟೇಪ್ ಬೈದದ್ದನ್ನು ಓದುಗ ಹೊಗಳಿಕೆಯೆಂದು ಓದಿಕೊಳ್ಳಬೇಕು, ಅವನು ಅಪಾಯವೆಂದದ್ದನ್ನು ವರವೆಂದು ತಿಳಿಯಬೇಕು. ಕನ್ನಡದಲ್ಲಿ ನಮಗೆ ನಿಂದಾಸ್ತುತಿ ಗೊತ್ತು, ಬೈಯುವ ಮಾತಿನಲ್ಲೇ ಹೊಗಳಿಕೆ ಅಡಗಿಸುವುದು. ಇದೂ ಅದೇ ಜಾತಿ, ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ನಿಂದಾಸ್ತುತಿ ಮಾಡುವ ಭಕ್ತನಿಗೆ ತಾನು ಹೊಗಳುತ್ತಿದ್ದೇನೆಂದು ಗೊತ್ತಿರುತ್ತದೆ. ಸ್ಕ್ರೂಟೇಪ್‌ಗೆ ಗೊತ್ತಿಲ್ಲ. ಅವನು ನಿಜವಾಗಿಯೂ ಬೈಯುತ್ತಿದ್ದಾನೆ. ಅವನ ಅರಿವಿಗೇ ಬಾರದಂತೆ ಅವನ ಬಾಯಿಂದ ದೇವರ ಕೀರ್ತನೆ ಹೊರಡುತ್ತದೆ. ಪತ್ರಗಳು ಅಚ್ಚಾಗುತ್ತಿದ್ದಾಗ ಹಳ್ಳಿಯ ಪಾದ್ರಿಯೊಬ್ಬರು ಪತ್ರಿಕೆಯ ಚಂದಾ ನಿಲ್ಲಿಸಿದರಂತೆ. ಇದರಲ್ಲಿರುವ ಬುದ್ಧಿವಾದ ತಪ್ಪು ಮಾತ್ರವಲ್ಲ, ಪೈಶಾಚಿಕವೂ ಹೌದು ಎಂಬುದು ಅವರ ದೂರು. ಲೂಯಿಸ್ ಇದನ್ನು 1961ರ ಮುನ್ನುಡಿಯಲ್ಲಿ ನೆನೆದಿದ್ದಾರೆ. ಮಾತನ್ನು ತಿರುಗಿಸಿ ಓದಬೇಕೆಂಬ ಕೀಲಿಕೈ ಕೈತಪ್ಪಿದರೆ ಈ ಪುಸ್ತಕದ ಬಾಗಿಲು ತೆರೆಯುವುದೇ ಇಲ್ಲ.

ಈ ಉಪಾಯ ಲೂಯಿಸ್ ಅವರಿಂದ ಶುರುವಾದದ್ದಲ್ಲ. ದಾರಿತಪ್ಪಿದ ಧರ್ಮಾಧಿಕಾರಿಗಳನ್ನು ತನ್ನ ಆಪ್ತರೆಂದು ಕೊಂಡಾಡುತ್ತಾ ಲೂಸಿಫರ್, ಅಂದರೆ ಸೈತಾನ, ಬರೆದಂತೆ ಕಟ್ಟಿದ ಪತ್ರಗಳು 14ನೇ ಶತಮಾನದ ಯುರೋಪಿನಲ್ಲೇ ಕೈಯಿಂದ ಕೈಗೆ ಹೋಗುತ್ತಿದ್ದವು. 1511ರಲ್ಲಿ ಅಚ್ಚಾದ, ಡಚ್ ವಿದ್ವಾಂಸ ಇರಾಸ್ಮಸ್‌ನ ‘ಮೂಢತನದ ಹೊಗಳಿಕೆ’ ಎಂಬ ಕೃತಿಯಲ್ಲಿ ಮೂಢತನವೇ ವೇದಿಕೆ ಹತ್ತಿ ತನ್ನನ್ನು ತಾನೇ ಹೊಗಳಿಕೊಳ್ಳುತ್ತದೆ. ವಿದ್ವಾಂಸರು, ಸನ್ಯಾಸಿಗಳು, ಪೋಪರು ಎಲ್ಲರೂ ತನ್ನ ಶಿಷ್ಯರೆನ್ನುತ್ತದೆ. 1843ರಲ್ಲಿ ಅಮೆರಿಕದ ಕಥೆಗಾರ ನಥಾನಿಯೆಲ್ ಹಾಥಾರ್ನ್, ಜಾನ್ ಬನ್ಯನ್‌ನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಕಥೆಯಲ್ಲಿ ಸ್ವರ್ಗದ ನಗರಕ್ಕೆ ಹೊರಟ ಯಾತ್ರಿಕ ಬೆನ್ನ ಮೇಲೆ ಹೊರೆ ಹೊತ್ತು ನಡೆದ ದಾರಿಗೇ ರೈಲು ಹಾಕಿಸಿದ. ಈಗಿನ ಯಾತ್ರಿಕರು ಪಾಪದ ಹೊರೆಯನ್ನು ಲಗೇಜು ಡಬ್ಬಿಗೆ ಹಾಕಿ ಆರಾಮಾಗಿ ಕೂರುತ್ತಾರೆ. ಸ್ವರ್ಗದ ದಾರಿಯೇ ಸುಲಭವಾಯಿತಲ್ಲ ಎಂದು ಹಿಗ್ಗುತ್ತಾರೆ. ಆ ರೈಲು ಕೊನೆಗೆ ಯಾರನ್ನೂ ನಗರದೊಳಗೆ ಬಿಡುವುದಿಲ್ಲ.

ಶೋಧನೆ ಎಂಬ ಮಾತು

ಇಂಗ್ಲಿಷಿನಲ್ಲಿ ‘ಟೆಂಪ್ಟೇಷನ್’ ಎನ್ನುವುದಕ್ಕೆ ನಾವು ಆಮಿಷ, ಪ್ರಲೋಭನೆ ಎಂದೆಲ್ಲ ಬರೆಯುತ್ತೇವೆ. ಕನ್ನಡ ಬೈಬಲ್ ಮಾತ್ರ ‘ಶೋಧನೆ’ ಎನ್ನುತ್ತದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಬರುವುದು ಇದೇ ಮಾತು: ಶೋಧನೆಯೊಳಗೆ ಸೇರಿಸದೆ ಕೇಡಿನಿಂದ ತಪ್ಪಿಸು ಎಂಬ ಬೇಡಿಕೆ. ಸೈತಾನನಿಗೂ ಅಲ್ಲಿ ‘ಶೋಧಕ’ನೆಂಬ ಹೆಸರುಂಟು. ನನಗೆ ಈ ಆಯ್ಕೆ ಬಹಳ ಹಿಡಿಸುತ್ತದೆ. ಮೂಲದ ಗ್ರೀಕ್ ಪದಕ್ಕೂ ಪರೀಕ್ಷೆ, ಸೆಳೆತ ಎಂಬ ಎರಡೂ ಅರ್ಥಗಳಿವೆ. ಆಮಿಷವೆಂದಾಗ ಗಮನವೆಲ್ಲ ಗಾಳದ ತುದಿಯ ಎರೆಯ ಮೇಲಿರುತ್ತದೆ. ಶೋಧನೆಯೆಂದಾಗ ಗಮನ ಮನುಷ್ಯನ ಒಳಕ್ಕೆ ತಿರುಗುತ್ತದೆ. ಒಳಗೆ ಏನಿದೆಯೆಂದು ಯಾರೋ ಜಾಲಾಡುತ್ತಿದ್ದಾರೆ. ಅವರ ಕೈಗೆ ಸಿಗುವುದು ಅಲ್ಲಿ ಮೊದಲೇ ಇದ್ದದ್ದು.

ಬೈಬಲಿನ ಎರಡು ದೃಶ್ಯಗಳು ಈ ವಿಷಯಕ್ಕೆ ಅಡಿಗಲ್ಲು. ಆದಿಕಾಂಡದಲ್ಲಿ ಸರ್ಪ ಹಣ್ಣನ್ನು ತೋರಿಸಿ ಮಾತು ಶುರುಮಾಡುವುದಿಲ್ಲ. ಪ್ರಶ್ನೆ ಕೇಳುತ್ತದೆ. ತೋಟದ ಯಾವ ಮರದ ಹಣ್ಣನ್ನೂ ತಿನ್ನಬಾರದೆಂದು ದೇವರು ಹೇಳಿದ್ದು ನಿಜವೇ? ದೇವರು ಹಾಗೆ ಹೇಳಿಯೇ ಇರಲಿಲ್ಲ, ಒಂದು ಮರವನ್ನು ಮಾತ್ರ ಬೇಡವೆಂದಿದ್ದ. ಒಂದು ನಿಷೇಧವನ್ನು ಎಲ್ಲ ಮರಗಳಿಗೂ ಹಿಗ್ಗಿಸಿದಾಗ ಕೊಟ್ಟವನು ಜಿಪುಣನಂತೆ ಕಾಣತೊಡಗುತ್ತಾನೆ. ಕೆಲಸ ಅರ್ಧ ಅಲ್ಲೇ ಮುಗಿಯಿತು. ಎರಡನೆಯದು ಮತ್ತಾಯನ ಸುವಾರ್ತೆಯದು. ನಲವತ್ತು ದಿನ ಉಪವಾಸವಿದ್ದ ಯೇಸುವಿಗೆ ಶೋಧಕ ಸೂಚಿಸುವುದು ರೊಟ್ಟಿಯನ್ನು. ಹಸಿದವನಿಗೆ ರೊಟ್ಟಿ ಪಾಪದ ವಸ್ತುವಲ್ಲ. ಅದು ಫಲಿಸದಿದ್ದಾಗ ಅವನು ದೇವಾಲಯದ ಶಿಖರಕ್ಕೆ ಕರೆದೊಯ್ದು 91ನೇ ಕೀರ್ತನೆಯನ್ನೇ ಉದ್ಧರಿಸುತ್ತಾನೆ: ಧುಮುಕು, ದೇವದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ! ಭೂತದ ಬಾಯಲ್ಲಿ ಭಗವದ್ಗೀತೆ ಎಂದು ನಾವು ಹೇಳುವುದು ಇಂಥದ್ದನ್ನೇ. ಎರಡೂ ಕಡೆ ಒಂದು ಮಾತು ಸಮಾನ. ಶೋಧಕನ ಬಳಿ ಸ್ವಂತದ್ದೆಂಬ ಸರಕಿಲ್ಲ. ಹಣ್ಣು, ರೊಟ್ಟಿ, ಕೀರ್ತನೆ ಎಲ್ಲವೂ ದೇವರ ಕಡೆಯವೇ. ಅವನು ಮಾಡುವುದು ಸ್ವಲ್ಪ ತಿರುಚುವುದನ್ನು ಮಾತ್ರ. ಈ ಮಾತು ಮುಂದೆ ಮತ್ತೆ ಬರುತ್ತದೆ.

4ನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿಗೆ ಹೋಗಿ ನೆಲೆಸಿದ ಸನ್ಯಾಸಿಗಳು ಈ ತಿರುಚುವಿಕೆಯನ್ನು ದಿನದ ಗಂಟೆ ಗಂಟೆಗೂ ಗಮನಿಸಿದರು. ಅವರಲ್ಲಿ ಪೊಂಟಸ್‌ನ ಇವಾಗ್ರಿಯಸ್ ಮುಖ್ಯ. ಮನುಷ್ಯನನ್ನು ಕಾಡುವ ಎಂಟು ‘ಆಲೋಚನೆ’ಗಳನ್ನು ಅವನು ಪಟ್ಟಿ ಮಾಡಿದ. ಎರಡು ಶತಮಾನಗಳ ಬಳಿಕ ಪೋಪ್ ಗ್ರೆಗರಿ ಅದನ್ನು ಮಾರ್ಪಡಿಸಿದ್ದರಿಂದ ಇಂದು ಎಲ್ಲರಿಗೂ ಗೊತ್ತಿರುವ ಏಳು ಮಹಾಪಾಪಗಳ ಪಟ್ಟಿ ಬಂತು. ಆದರೆ ಇವಾಗ್ರಿಯಸ್‌ನ ಪದವೇ ನನಗೆ ಹೆಚ್ಚು ನಿಖರವೆನಿಸುತ್ತದೆ. ಅವನು ಪಾಪಗಳೆನ್ನಲಿಲ್ಲ, ಆಲೋಚನೆಗಳೆಂದ. ಅವು ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ, ಬಂದವು ಒಳಗೆ ತಂಗಬೇಕೇ ಬೇಡವೇ ಎನ್ನುವುದು ನಮ್ಮ ಕೈಯಲ್ಲಿದೆ ಎಂದ.

ಅವನು ‘ನಡುಹಗಲಿನ ಪಿಶಾಚಿ’ಯನ್ನು ಬಣ್ಣಿಸಿರುವ ರೀತಿ ನೋಡಿ. ಬೆಳಿಗ್ಗೆ ಹತ್ತರ ಸುಮಾರಿಗೆ ಬರುತ್ತದೆ, ಮಧ್ಯಾಹ್ನ ಎರಡರವರೆಗೆ ಬಿಡುವುದಿಲ್ಲ. ಸೂರ್ಯ ನಿಂತಲ್ಲೇ ನಿಂತಂತೆ, ಹಗಲಿಗೆ ಐವತ್ತು ಗಂಟೆಗಳಿರುವಂತೆ ತೋರಿಸುತ್ತದೆ. ಸನ್ಯಾಸಿಯ ಕಣ್ಣು ಪದೇ ಪದೇ ಕಿಟಕಿಗೆ ಹೋಗುತ್ತದೆ. ಎದ್ದು ಹೊರಗೆ ಬಂದು ಊಟದ ಹೊತ್ತಿಗೆ ಇನ್ನೆಷ್ಟು ಉಳಿದಿದೆಯೆಂದು ಸೂರ್ಯನನ್ನು ನೋಡುತ್ತಾನೆ. ಯಾರಾದರೂ ಬರುತ್ತಿದ್ದಾರೆಯೇ ಎಂದು ಆಚೀಚೆ ಕಣ್ಣಾಡಿಸುತ್ತಾನೆ. ಮೆಲ್ಲಗೆ ಆ ಜಾಗ ಬೇಸರ, ಮಾಡುತ್ತಿರುವ ಕೈಕೆಲಸ ಬೇಸರ. ಇಲ್ಲಿನವರಲ್ಲಿ ಪ್ರೀತಿಯೇ ಸತ್ತುಹೋಗಿದೆ, ನನ್ನನ್ನು ವಿಚಾರಿಸುವವರೇ ಇಲ್ಲ ಅನಿಸತೊಡಗುತ್ತದೆ. ಇದರಲ್ಲಿ ಕೊಂಬು, ಬಾಲ, ಬೆಂಕಿ ಒಂದೂ ಇಲ್ಲ. ಹಿಡಿದ ಕೆಲಸದಲ್ಲಿ ಮನಸ್ಸು ನಿಲ್ಲದ ಯಾರಿಗೂ ಈ ಪಿಶಾಚಿಯ ಗುರುತು ಹತ್ತುತ್ತದೆ. ಇವಾಗ್ರಿಯಸ್ ಬರೆದದ್ದು ವಿಡಂಬನೆಯಲ್ಲ. ಆದರೂ ಲೂಯಿಸ್‌ನ ಸ್ಕ್ರೂಟೇಪ್ ಹುಟ್ಟಿದ್ದು ಈ ಮರಳುಗಾಡಿನ ಗೂಡುಗಳಲ್ಲೇ ಎಂದು ನಾನು ನಂಬುತ್ತೇನೆ. ಕೆಡುಕನ್ನು ಮನಸ್ಸಿನ ಸಣ್ಣ ಸಣ್ಣ ಚಲನೆಗಳಲ್ಲಿ ಹಿಡಿಯಬೇಕೆಂಬ ಪಾಠ ಅಲ್ಲಿನದು.

ಹಸಿವು ಕೊಲ್ಲುತ್ತದೆ

ಈಗ ಕಷ್ಟದ ಪ್ರಶ್ನೆಗೆ ಬರೋಣ. ಕೆಡುಕು ಅಂದರೆ ಏನು? ಒಳ್ಳೆಯ ದೇವರೇ ಎಲ್ಲವನ್ನೂ ಸೃಷ್ಟಿಸಿದ್ದರೆ ಅದೆಲ್ಲಿಂದ ಬಂತು?

354ರಲ್ಲಿ ಉತ್ತರ ಆಫ್ರಿಕದಲ್ಲಿ ಹುಟ್ಟಿದ ಆಗಸ್ಟೀನ್ ಈ ಪ್ರಶ್ನೆಯಿಂದ ವರ್ಷಗಟ್ಟಲೆ ನರಳಿದವನು. ಹರೆಯದಲ್ಲಿ ಅವನು ಸೇರಿದ್ದು ಮಾನಿಕೇಯರ ಪಂಥವನ್ನು. ಬೆಳಕು, ಕತ್ತಲು ಎಂಬ ಎರಡು ಅನಾದಿ ಶಕ್ತಿಗಳು ಜಗತ್ತಿನಲ್ಲಿ ಹೋರಾಡುತ್ತಿವೆ ಎಂಬುದು ಅವರ ಉತ್ತರ. ಸುಮಾರು ಒಂಬತ್ತು ವರ್ಷ ಅವರೊಂದಿಗಿದ್ದು ಹೊರಬಂದ. ನಿಧಾನವಾಗಿ ಅವನು ತಲುಪಿದ ಉತ್ತರ ಬೇರೆಯೇ: ಕೆಡುಕು ಒಂದು ವಸ್ತುವಲ್ಲ. ಇರಬೇಕಾದ ಒಳಿತು ಇಲ್ಲದಿರುವುದೇ ಕೆಡುಕು. ಇರುವುದೆಲ್ಲವೂ ಇರುವಷ್ಟರ ಮಟ್ಟಿಗೆ ಒಳ್ಳೆಯದು. ಬಟ್ಟೆಯಲ್ಲಿನ ತೂತಿಗೆ ಬಟ್ಟೆ ಬೇಕು, ತುಕ್ಕಿಗೆ ಕಬ್ಬಿಣ ಬೇಕು. ಬಟ್ಟೆ ತೂತಿಲ್ಲದೆ ಇರಬಲ್ಲದು, ತೂತು ಬಟ್ಟೆಯಿಲ್ಲದೆ ಇರಲಾರದು.

ಇದನ್ನು ಕೇಳಿದ ಕೂಡಲೇ ಏಳುವ ಆಕ್ಷೇಪ ನ್ಯಾಯವಾದದ್ದೇ. ನೋವು ತಿಂದವರ ಮುಂದೆ ನಿಂತು ನಿನಗಾದ ಕೆಡುಕು ವಸ್ತುವೇ ಅಲ್ಲ ಎನ್ನುವುದು ಕ್ರೂರವಲ್ಲವೇ? ನನಗೆ ಇದನ್ನು ಬಿಡಿಸಿಕೊಟ್ಟದ್ದು ಹಸಿವಿನ ಹೋಲಿಕೆ. ಹಸಿವು ಅಂದರೆ ಹೊಟ್ಟೆಯಲ್ಲಿ ಅನ್ನ ಇಲ್ಲದಿರುವುದು, ಅಷ್ಟೇ. ಅದನ್ನು ಕೈಯಲ್ಲಿ ಹಿಡಿದು ತೋರಿಸಲಾಗದು, ತಕ್ಕಡಿಯಲ್ಲಿ ತೂಗಲಾಗದು. ಆದರೂ ಹಸಿವು ಕೊಲ್ಲುತ್ತದೆ. ಹೊಟ್ಟೆ ಇರುವ ಜೀವಕ್ಕೆ ಮಾತ್ರ ಹಸಿವು, ಕಲ್ಲಿಗೆ ಹಸಿವಿಲ್ಲ. ಅಂದರೆ ‘ಇಲ್ಲ’ವೆಂಬುದು ದುರ್ಬಲವಲ್ಲ. ಬದುಕಬೇಕಾದ ಜೀವಕ್ಕೆ ಇರಲೇಬೇಕಾದದ್ದು ಇಲ್ಲವಾದಾಗ ಆ ಇಲ್ಲದಿಕೆ ಭಯಂಕರ ಶಕ್ತಿಯಾಗುತ್ತದೆ. ಆಗಸ್ಟೀನ್ ಹೇಳಿದ್ದು ಕೆಡುಕು ಸಣ್ಣದೆಂದಲ್ಲ, ಅದಕ್ಕೆ ಸ್ವಂತ ಬೇರಿಲ್ಲ ಎಂದು.

‘ತಪ್ಪೊಪ್ಪಿಗೆ’ಯ ಎರಡನೇ ಭಾಗದಲ್ಲಿ ಅವನು ಹದಿನಾರರ ವಯಸ್ಸಿನ ಒಂದು ಕಳ್ಳತನವನ್ನು ನೆನೆಯುತ್ತಾನೆ. ಗೆಳೆಯರೊಂದಿಗೆ ರಾತ್ರಿ ಹೋಗಿ ನೆರೆಯ ಪಿಯರ್ ಹಣ್ಣಿನ ಮರವನ್ನು ಅಲುಗಾಡಿಸಿ ಹಣ್ಣುಗಳನ್ನೆಲ್ಲ ಹೊತ್ತು ತಂದರು. ಹಸಿವಿರಲಿಲ್ಲ. ಹಣ್ಣು ರುಚಿಯೂ ಅಲ್ಲ, ನೋಡಲು ಚೆಂದವೂ ಅಲ್ಲ. ಇದಕ್ಕಿಂತ ಒಳ್ಳೆಯ ಹಣ್ಣು ಅವನಲ್ಲೇ ಇತ್ತು. ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಮತ್ತೇಕೆ ಕದ್ದೆ? ಪುಟಗಟ್ಟಲೆ ಅಗೆಯುತ್ತಾನೆ. ಜಗತ್ತಿನಲ್ಲಿ ಘೋರ ಪಾಪಗಳಿರುವಾಗ ನಾಲ್ಕು ಹುಳಿ ಪಿಯರ್ ಹಣ್ಣುಗಳಿಗೆ ಇಷ್ಟು ಗೋಳೇ ಎಂದು ಕೆಲವರಿಗೆ ಅನಿಸಿದೆ. ಅವನು ಅದನ್ನೇ ಆರಿಸಿದ್ದಕ್ಕೆ ಕಾರಣವಿದೆ. ದೊಡ್ಡ ಅಪರಾಧದಲ್ಲಿ ಹಣ, ಹಗೆ, ಭಯ ಏನೋ ಒಂದು ಕಾರಣ ಕೈಗೆ ಸಿಗುತ್ತದೆ. ಇಲ್ಲಿ ಕಾರಣವನ್ನು ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಬರಿದು. ಒಬ್ಬನೇ ಇದ್ದಿದ್ದರೆ ಮಾಡುತ್ತಿರಲಿಲ್ಲ ಎಂದೂ ಸೇರಿಸುತ್ತಾನೆ. ಬರಿದಿಗೂ ಜೊತೆ ಬೇಕು.

ಈ ವಿಚಾರ ಕಥೆಗಾರನನ್ನು ದೊಡ್ಡ ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಸ್ವಂತ ರೂಪವೇ ಇಲ್ಲದ್ದನ್ನು ಪಾತ್ರವಾಗಿ ನಿಲ್ಲಿಸುವುದು ಹೇಗೆ? ಇಂಗ್ಲಿಷ್ ಕವಿ ಮಿಲ್ಟನ್ 1667ರ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ಸೈತಾನನಿಗೆ ಧೈರ್ಯ, ವಾಕ್ಚಾತುರ್ಯ, ಛಲ ಎಲ್ಲ ಕೊಟ್ಟ. ಅವೆಲ್ಲ ಒಳ್ಳೆಯ ಗುಣಗಳೇ ಆದ್ದರಿಂದ ಓದುಗರು ಅವನನ್ನು ಮೆಚ್ಚಿಬಿಟ್ಟರು. ಮಿಲ್ಟನ್ ತನಗೇ ಗೊತ್ತಿಲ್ಲದೆ ಪಿಶಾಚಿಯ ಪಕ್ಷದವನೆಂದು ಕವಿ ವಿಲಿಯಂ ಬ್ಲೇಕ್ ಬರೆದದ್ದು ಈ ಕಾರಣಕ್ಕೇ. ಇಟಲಿಯ ಕವಿ ದಾಂತೆ ಇದಕ್ಕೆ ತೀರಾ ವಿರುದ್ಧದ ದಾರಿ ಹಿಡಿದಿದ್ದ. ಅವನ ನರಕದ ತಳದಲ್ಲಿ ಬೆಂಕಿಯಿಲ್ಲ, ಹಿಮವಿದೆ. ಸೈತಾನ ಎದೆಯವರೆಗೆ ಅದರಲ್ಲಿ ಹೂತುಹೋಗಿದ್ದಾನೆ. ಅವನ ರೆಕ್ಕೆಗಳು ಬಡಿಯುತ್ತಲೇ ಇವೆ, ಆ ಗಾಳಿಗೇ ಹಿಮ ಇನ್ನಷ್ಟು ಗಟ್ಟಿಯಾಗುತ್ತದೆ. ಒಂದು ಮಾತೂ ಆಡುವುದಿಲ್ಲ. ಆಗಸ್ಟೀನನ ವಿಚಾರಕ್ಕೆ ಇದು ಎಷ್ಟು ನಿಷ್ಠವಾದ ಚಿತ್ರ! ಆದರೆ ಮಾತೇ ಆಡದವನಿಂದ ಕಥೆ ನಡೆಯದು.

ವಿಡಂಬನೆ ದಾರಿ ಮಾಡಿಕೊಡುವುದು ಇಲ್ಲೇ. ಕೆಡುಕಿಗೆ ಸ್ವಂತ ಸರಕಿಲ್ಲವೆಂದಾದರೆ ಅದನ್ನು ನೇರವಾಗಿ ಬಣ್ಣಿಸಲಾಗದು, ಅದು ತಿರುಚುತ್ತಿರುವ ಒಳಿತಿನ ಆಕಾರದಿಂದಲೇ ಹಿಡಿಯಬೇಕು. ಸ್ಕ್ರೂಟೇಪ್ ಆಡುವ ಮಾತೆಲ್ಲ ಹಾಗೆಯೇ. ಅವನಿಗೆ ಹೇಳಲು ತನ್ನದೆಂಬ ಒಂದು ವಿಷಯವೂ ಇಲ್ಲ. ಪ್ರಾರ್ಥನೆ, ಗೆಳೆತನ, ದಾಂಪತ್ಯ, ನಗು, ನಿದ್ದೆ ಎಲ್ಲವೂ ಶತ್ರುವಿನ ಸೊತ್ತು, ಅವನ್ನು ಕೆಡಿಸುವುದಷ್ಟೇ ಅವನ ಕೆಲಸ. ಒಂಬತ್ತನೇ ಪತ್ರದಲ್ಲಿ ಇದನ್ನು ಅವನೇ ಒಪ್ಪಿಕೊಳ್ಳುತ್ತಾನೆ: ಸುಖವನ್ನು ಕಂಡುಹಿಡಿದವನು ಶತ್ರು. ನಮ್ಮ ಪ್ರಯೋಗಶಾಲೆಗಳಲ್ಲಿ ಈವರೆಗೆ ಒಂದು ಸುಖವನ್ನೂ ತಯಾರಿಸಲು ಆಗಿಲ್ಲ. ನಮ್ಮಿಂದ ಆಗುವುದು ಇಷ್ಟೇ, ಸುಖ ಕಡಿಮೆಯಾಗುತ್ತಾ ಅದರ ಚಟ ಹೆಚ್ಚುತ್ತಾ ಹೋಗುವಂತೆ ನೋಡಿಕೊಳ್ಳುವುದು. ಧರ್ಮಶಾಸ್ತ್ರದ ಇಡೀ ಅಧ್ಯಾಯ ಇಲ್ಲಿ ಗುಮಾಸ್ತನೊಬ್ಬನ ಗೊಣಗಾಟದಲ್ಲಿ ಬಂದಿದೆ.

ಸೈತಾನ ದೇವರಿಗೆ ಎದುರಾಳಿಯಲ್ಲ ಎಂಬುದನ್ನೂ ಲೂಯಿಸ್ 1961ರ ಮುನ್ನುಡಿಯಲ್ಲಿ ಬಿಡಿಸಿ ಹೇಳಿದ್ದಾರೆ. ದೇವರಿಗೆ ಸಮಾನವಾದ ವಿರುದ್ಧ ಶಕ್ತಿ ಇರಲಾರದು. ಪಿಶಾಚಿಗಳ ನಾಯಕನಿಗೆ ಜೋಡಿಯೆಂದರೆ ಪ್ರಧಾನ ದೇವದೂತ ಮಿಕಾಯೇಲ. ಮಾನಿಕೇಯರ ಎರಡು ಶಕ್ತಿಗಳ ಲೆಕ್ಕ ಇಲ್ಲಿ ಮುಗಿಯಿತು.

ರಸ್ಕು, ಬಸ್ಸು ಮತ್ತು ಆರಿದ ಒಲೆ

ಮೊದಲ ಪತ್ರದಲ್ಲೇ ಬರುವ ಒಂದು ಪ್ರಸಂಗವನ್ನು ನಾನು ಎಷ್ಟು ಸಲ ಓದಿದ್ದೇನೋ. ಸ್ಕ್ರೂಟೇಪ್‌ನ ಹಳೆಯ ರೋಗಿಯೊಬ್ಬ ನಾಸ್ತಿಕ. ಬ್ರಿಟಿಷ್ ಮ್ಯೂಸಿಯಂನಲ್ಲಿ ಓದುತ್ತಾ ಕೂತಿದ್ದಾಗ ಅವನ ಮನಸ್ಸು ಇದ್ದಕ್ಕಿದ್ದಂತೆ ‘ತಪ್ಪು’ ದಾರಿಗೆ ತಿರುಗುತ್ತದೆ, ಅಂದರೆ ದೇವರ ಕಡೆಗೆ. ಇಪ್ಪತ್ತು ವರ್ಷಗಳ ಶ್ರಮ ಕುಸಿಯುವುದರಲ್ಲಿದೆ. ಸ್ಕ್ರೂಟೇಪ್ ವಾದಕ್ಕಿಳಿಯುವುದಿಲ್ಲ. ಊಟದ ಹೊತ್ತಾಯಿತಲ್ಲ ಎಂಬ ಯೋಚನೆಯನ್ನಷ್ಟೇ ಒಳಗೆ ಬಿಡುತ್ತಾನೆ. ಇದು ಊಟಕ್ಕಿಂತ ಮುಖ್ಯ ಎಂದು ಶತ್ರು ಹೇಳಿರಬೇಕು. ಆಗ ಸ್ಕ್ರೂಟೇಪ್ ಅದನ್ನೇ ಎತ್ತಿಕೊಂಡು, ಹೌದು, ಬಹಳ ಮುಖ್ಯ, ಇಷ್ಟು ಮುಖ್ಯವಾದದ್ದನ್ನು ದಣಿದ ತಲೆಯಲ್ಲಿ ಯೋಚಿಸಬಾರದು ಎನ್ನುತ್ತಾನೆ. ಮನುಷ್ಯನ ಮುಖ ಅರಳುತ್ತದೆ. ಬೀದಿಗೆ ಬರುತ್ತಾನೆ. ಮಧ್ಯಾಹ್ನದ ಪತ್ರಿಕೆ ಮಾರುವ ಹುಡುಗನ ಕೂಗು, ಹಾದುಹೋಗುವ 73ನೇ ನಂಬರಿನ ಬಸ್ಸು. ಇದೇ ನಿಜವಾದ ಬದುಕು, ಒಳಗೆ ಹೊಳೆದದ್ದೆಲ್ಲ ಪುಸ್ತಕದ ಹುಳುವಿನ ಭ್ರಮೆ ಅನಿಸಿಬಿಡುತ್ತದೆ. ಬಸ್ಸಿನಲ್ಲಿ ಏನು ತಪ್ಪು? ಊಟದಲ್ಲಿ ಏನು ತಪ್ಪು? ಒಂದೂ ಇಲ್ಲ. ಗಮನ ಕದಲಿತು, ಅಷ್ಟೇ.

ಹದಿನೇಳನೇ ಪತ್ರದಲ್ಲಿ ರೋಗಿಯ ತಾಯಿ ಬರುತ್ತಾಳೆ. ಹೊಟ್ಟೆಬಾಕತನವೆಂದರೆ ಹೆಚ್ಚು ತಿನ್ನುವುದೆಂದು ನಾವು ತಿಳಿದಿದ್ದೇವೆ. ಈ ಮುದುಕಿ ತೀರಾ ಕಡಿಮೆ ತಿನ್ನುವವಳು. ಮುಂದಿಟ್ಟ ತಟ್ಟೆಯನ್ನು ನಯವಾಗಿ ಸರಿಸಿ, ಇದೆಲ್ಲ ಬೇಡಮ್ಮಾ, ನನಗೊಂದು ತೆಳ್ಳನೆಯ ಟೀ, ತೀರಾ ತೆಳ್ಳಗೂ ಬೇಡ, ಜೊತೆಗೆ ರಸ್ಕಿನಂತೆ ಗರಿಗರಿಯಾಗಿ ಸುಟ್ಟ ಒಂದೇ ಒಂದು ಚೂರು ರೊಟ್ಟಿ ಸಾಕು ಎನ್ನುತ್ತಾಳೆ. ಬೇಕಾದದ್ದು ಕೊಟ್ಟದ್ದಕ್ಕಿಂತ ಸಣ್ಣದು, ಆದ್ದರಿಂದ ತನ್ನ ಇಷ್ಟವನ್ನೇ ನಡೆಸಿಕೊಳ್ಳುತ್ತಿದ್ದೇನೆಂದು ಅವಳಿಗೆ ಯಾವತ್ತೂ ಹೊಳೆಯುವುದಿಲ್ಲ. ಸುತ್ತಲಿನವರೆಲ್ಲ ಬಸವಳಿಯುತ್ತಾರೆ. ಅವಳು ತಾನು ಮಿತಾಹಾರಿ ಎಂದುಕೊಂಡಿದ್ದಾಳೆ. ಪಾಪವೆಂದರೆ ಅತಿಯಾದದ್ದು ಎಂಬ ನಮ್ಮ ಎಣಿಕೆಯನ್ನೇ ಈ ಚಿತ್ರ ಕೆಡವುತ್ತದೆ. ಅಳತೆ ತಟ್ಟೆಯಲ್ಲಿಲ್ಲ, ಎಲ್ಲರೂ ನನ್ನ ಹೊಟ್ಟೆಯ ಸುತ್ತ ತಿರುಗಬೇಕೆಂಬ ಒಳಗಿನ ಒತ್ತಾಯದಲ್ಲಿದೆ.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಬೇರೆಯವರು. ಥೇಟ್ ಅವರ ಹಾಗೇ ಇದೆಯಲ್ಲ ಎಂದುಕೊಂಡು ಪಕ್ಕದಲ್ಲಿ ಪೆನ್ಸಿಲ್ ಗೆರೆ ಎಳೆದೆ. ಎರಡನೇ ಪತ್ರಕ್ಕೆ ಮರಳಿದಾಗ ತಿಳಿಯಿತು, ಚರ್ಚಿನಲ್ಲಿ ಪಕ್ಕದ ಬೆಂಚಿನವನ ಕಿರುಗುಡುವ ಬೂಟು, ಇಳಿಬಿದ್ದ ಗಲ್ಲ ಇವನ್ನೇ ಗಮನಿಸುವಂತೆ ಮಾಡು ಎಂದು ಸ್ಕ್ರೂಟೇಪ್ ಕಲಿಸುವುದೂ ಇದನ್ನೇ. ಬೇರೆಯವರ ಪಾಪಕ್ಕೆ ಗೆರೆ ಎಳೆಯುತ್ತಿದ್ದ ನನ್ನ ಕೈ ಅವನ ಪಾಠದಂತೆಯೇ ನಡೆಯುತ್ತಿತ್ತು.

ಹನ್ನೆರಡನೇ ಪತ್ರ ಇಡೀ ಪುಸ್ತಕದ ಹೃದಯ. ಅಳಿಯನಿಗೆ ದೊಡ್ಡ ಪಾಪಗಳನ್ನು ಮಾಡಿಸಿ ಹೆಸರು ಗಳಿಸುವ ಆಸೆ. ಮಾವ ಗದರುತ್ತಾನೆ. ಮನುಷ್ಯನನ್ನು ಬೆಳಕಿನಿಂದ ದೂರ ಸರಿಸುವುದು ಮುಖ್ಯ. ಇಸ್ಪೀಟಿನಿಂದ ಆ ಕೆಲಸವಾಗುವುದಾದರೆ ಕೊಲೆ ಯಾಕೆ ಬೇಕು? ನರಕಕ್ಕೆ ಭದ್ರವಾದ ದಾರಿ ನಿಧಾನದ ಇಳಿಜಾರು, ತಟ್ಟನೆ ತಿರುವಿಲ್ಲ, ಮೈಲಿಗಲ್ಲಿಲ್ಲ, ಕೈಕಂಬವಿಲ್ಲ. ಅದೇ ಪತ್ರದಲ್ಲಿ ‘ಏನೂ ಇಲ್ಲ’ವೆಂಬುದರ ಬಲದ ಮಾತೂ ಬರುತ್ತದೆ. ತಣ್ಣನೆಯ ಕೋಣೆ, ಒಲೆಯಲ್ಲಿ ಬೆಂಕಿ ಆರಿ ಎಷ್ಟೋ ಹೊತ್ತಾಗಿದೆ, ಮನುಷ್ಯ ಎದ್ದು ಮಲಗಲಾರದೆ ಅದನ್ನೇ ದಿಟ್ಟಿಸುತ್ತಾ ಕೂತಿದ್ದಾನೆ. ಸುಖವೂ ಇಲ್ಲ, ಕೆಲಸವೂ ಇಲ್ಲ. ಬೇಕಾದದ್ದನ್ನೂ ಮಾಡದೆ, ಮಾಡಬೇಕಾದದ್ದನ್ನೂ ಮಾಡದೆ ಬದುಕು ಸೋರಿಹೋಗುತ್ತದೆ. ಆಗಸ್ಟೀನನ ‘ಇಲ್ಲದಿಕೆ’ ಇಲ್ಲಿ ತತ್ವವಾಗಿ ಉಳಿದಿಲ್ಲ, ಸಂಜೆಯೊಂದರ ಚಳಿಯಾಗಿ ಮೈಗೆ ತಟ್ಟುತ್ತದೆ.

ಇಷ್ಟಾದರೂ ಪುಸ್ತಕದಲ್ಲಿ ನಗುವಿದೆ. ಮುಂಬರಹವಾಗಿ ಲೂಯಿಸ್ ಆರಿಸಿಕೊಂಡದ್ದು ಮಾರ್ಟಿನ್ ಲೂಥರ್ ಮತ್ತು ಥಾಮಸ್ ಮೋರ್ ಅವರ ಮಾತುಗಳನ್ನು. ಒಬ್ಬರು ಪ್ರಾಟೆಸ್ಟೆಂಟ್ ಸುಧಾರಣೆಯ ಮೂಲಪುರುಷ, ಇನ್ನೊಬ್ಬರು ಕ್ಯಾಥೊಲಿಕ್ ನಿಷ್ಠೆಗಾಗಿ ಪ್ರಾಣ ಕೊಟ್ಟವರು. ಇಬ್ಬರೂ ಒಪ್ಪಿದ ಸಂಗತಿಯೆಂದರೆ ಅಹಂಕಾರಿಯಾದ ಪಿಶಾಚಿ ಪರಿಹಾಸ್ಯವನ್ನು ಸಹಿಸಲಾರ ಎಂಬುದು. ಹದಿನಾಲ್ಕನೇ ಪತ್ರದಲ್ಲಿ ಇದರ ಉದಾಹರಣೆಯಿದೆ. ರೋಗಿ ವಿನಯ ಕಲಿತಿದ್ದಾನೆ. ಹಾಗಾದರೆ ಅವನ ವಿನಯವನ್ನೇ ಅವನಿಗೆ ತೋರಿಸು, ನಾನೆಷ್ಟು ವಿನಯವಂತ ಎಂಬ ಜಂಬ ಬರಲಿ. ಅದನ್ನೂ ಅವನು ಗಮನಿಸಿ ಹತ್ತಿಕ್ಕಿದರೆ, ಹತ್ತಿಕ್ಕಿದ್ದಕ್ಕೆ ಜಂಬ ಬರಲಿ. ಆದರೆ ಹೆಚ್ಚು ದೂರ ಎಳೆಯಬೇಡ, ಅವನಿಗೆ ನಗು ಬಂದು ನಿನ್ನನ್ನು ಅಣಕಿಸಿ ಹೋಗಿ ಮಲಗಿಬಿಟ್ಟಾನು. ತನ್ನನ್ನು ನೋಡಿ ತಾನೇ ನಗಬಲ್ಲವನ ಮುಂದೆ ಸ್ಕ್ರೂಟೇಪ್‌ಗೆ ಬೇರೆ ಆಯುಧವಿಲ್ಲ.

ಕಂಬಳಿ ಹಾಸಿದ ಕಚೇರಿ

ನರಕವನ್ನು ಲೂಯಿಸ್ ಕಚೇರಿಯಾಗಿ ಕಟ್ಟಿದ್ದು ಬರೀ ತಮಾಷೆಗಲ್ಲ. ದೊಡ್ಡ ಕೆಡುಕು ಈಗ ಕಳ್ಳರ ಗುಹೆಗಳಲ್ಲಿ ಹುಟ್ಟುವುದಿಲ್ಲ, ಬೆಚ್ಚಗಿನ, ಬೆಳಕಿರುವ, ನೆಲಕ್ಕೆ ಕಂಬಳಿ ಹಾಸಿದ ಕೋಣೆಗಳಲ್ಲಿ, ದನಿಯೆತ್ತುವ ಅಗತ್ಯವೇ ಇಲ್ಲದ ಅಚ್ಚುಕಟ್ಟಿನ ಜನರಿಂದ ಯೋಜಿತವಾಗುತ್ತದೆ ಎಂದು 1961ರ ಮುನ್ನುಡಿಯಲ್ಲಿ ಬರೆದರು. ಎರಡು ವರ್ಷಗಳ ಬಳಿಕ ಚಿಂತಕಿ ಹನ್ನಾ ಆರೆಂಟ್, ಯಹೂದಿಗಳ ಸಾಮೂಹಿಕ ಹತ್ಯೆಯನ್ನು ಕಚೇರಿಯಿಂದಲೇ ಸಂಘಟಿಸಿದ ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆಯನ್ನು ಕಂಡು ಕೆಡುಕಿನ ಸಾಧಾರಣತೆಯ ಬಗ್ಗೆ ಬರೆದರು. ಕೆಡುಕಿಗೆ ಆಳವಿಲ್ಲ, ಅದು ಅಣಬೆಯಂತೆ ಮೇಲ್ಮೈಯಲ್ಲಿ ಹರಡುತ್ತದೆ, ಆಳವಿರುವುದು ಒಳಿತಿಗೆ ಮಾತ್ರ ಎಂದು ಯಹೂದಿ ವಿದ್ವಾಂಸ ಗೆರ್ಶೋಮ್ ಶೋಲೆಮ್ ಅವರಿಗೆ ಕಾಗದ ಬರೆದರು. ಆರೆಂಟ್ ಕ್ರೈಸ್ತರಲ್ಲ. ಆದರೆ 1929ರಲ್ಲಿ ಪ್ರಕಟವಾದ ಅವರ ಸಂಶೋಧನಾ ಪ್ರಬಂಧದ ವಿಷಯ ಆಗಸ್ಟೀನನಲ್ಲಿ ಪ್ರೀತಿಯ ಪರಿಕಲ್ಪನೆ. ಎಳೆ ಎಲ್ಲಿಂದ ಎಲ್ಲಿಗೆ ಬಂದಿದೆ!

ಪುಸ್ತಕದ ಒಂದು ಕೊರತೆಯನ್ನೂ ಹೇಳಲೇಬೇಕು. ಬಾಂಬುಗಳು ಬೀಳುತ್ತಿದ್ದ ವರ್ಷದಲ್ಲಿ ಬರೆದದ್ದಾದರೂ ಇದರಲ್ಲಿ ಕೆಡುಕನ್ನು ಮಾಡುವವನ ಕಡೆಯಿಂದಲೇ ನೋಡಲಾಗಿದೆ, ಅದನ್ನು ಅನುಭವಿಸಿದವರು ಚಿತ್ರದಲ್ಲಿ ಹೆಚ್ಚು ಇಲ್ಲ. ಯುದ್ಧ ಶುರುವಾಯಿತೆಂದು ಕುಣಿಯುವ ಅಳಿಯನಿಗೆ ಮಾವ ಬುದ್ಧಿ ಹೇಳುತ್ತಾನೆ: ಸಾವು ಎದುರಿಗಿದ್ದರೆ ಮನುಷ್ಯರು ಎಚ್ಚರವಾಗುತ್ತಾರೆ, ನಮಗೆ ಬೇಕಾದದ್ದು ನೆಮ್ಮದಿಯ ಮಂಪರು. ಆತ್ಮದ ಲೆಕ್ಕದಲ್ಲಿ ಇದು ಸರಿಯಿರಬಹುದು. ಮನೆ ಸುಟ್ಟುಹೋದವರ ಕಣ್ಣೀರಿಗೆ ಈ ಲೆಕ್ಕದಲ್ಲಿ ಜಾಗ ಸಾಲದು ಎಂದೇ ನನಗನಿಸುತ್ತದೆ. ಲೂಯಿಸ್‌ಗೂ ಇನ್ನೊಂದು ಕೊರತೆ ಕಾಡಿತ್ತು. ಇದಕ್ಕೆ ಸಮತೂಕವಾಗಿ ದೇವದೂತನ ಪತ್ರಗಳೂ ಇರಬೇಕಿತ್ತು, ಆದರೆ ಆ ದನಿಯಲ್ಲಿ ಬರೆಯುವ ಯೋಗ್ಯತೆ ಯಾರಿಗಿದೆ ಎಂದರು. ಇಷ್ಟು ಸಲೀಸಾಗಿ ಬೇರಾವುದನ್ನೂ ಬರೆದಿಲ್ಲ, ಇಷ್ಟು ಬೇಸರದಿಂದಲೂ ಬರೆದಿಲ್ಲ ಎಂದೂ ಹೇಳಿದರು. ಆ ದನಿಯೊಳಗೆ ತಿಂಗಳುಗಟ್ಟಲೆ ಇದ್ದವರಿಗೆ ಉಸಿರು ಕಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಯಾಕೆಂದರೆ ಆ ದನಿಯಲ್ಲಿ ಇರುವುದು ಹಸಿವು ಮಾತ್ರ. ಪತ್ರಗಳ ಕೊನೆಯಲ್ಲಿ ‘ಪ್ರೀತಿಯ ಮಾವ’ ಎಂದು ಸಹಿ ಹಾಕುತ್ತಾ ಬಂದವನು ಕೊನೆಯ ಪತ್ರದಲ್ಲಿ ಆ ಪ್ರೀತಿಯ ಅರ್ಥ ಬಿಡಿಸುತ್ತಾನೆ. ರೋಗಿ ಬಾಂಬ್ ದಾಳಿಯಲ್ಲಿ ಸತ್ತು ದೇವರನ್ನು ಸೇರಿದ್ದಾನೆ, ವರ್ಮ್‌ವುಡ್ ಸೋತಿದ್ದಾನೆ. ಇನ್ನು ಅವನೇ ಮಾವನ ಊಟ. ನರಕದಲ್ಲಿ ಇನ್ನೊಬ್ಬರನ್ನು ಬಯಸುವುದೆಂದರೆ ನುಂಗಲು ಬಯಸುವುದು. ಬರಿದಾದದ್ದಕ್ಕೆ ತುಂಬಿಕೊಳ್ಳುವುದಲ್ಲದೆ ಬೇರೆ ಬಯಕೆ ಇರಲು ಸಾಧ್ಯವೇ?

ಇದರಿಂದಾಗಿ ಸ್ಕ್ರೂಟೇಪ್‌ಗೆ ಒಂದು ವಿಷಯ ಮಾತ್ರ ಎಂದೆಂದಿಗೂ ಅರ್ಥವಾಗುವುದಿಲ್ಲ. ಶತ್ರು ಮನುಷ್ಯರನ್ನು ನಿಜವಾಗಿಯೂ ಪ್ರೀತಿಸುತ್ತಾನೆ ಎಂದು ಒಂದು ಪತ್ರದಲ್ಲಿ ಅವನ ಬಾಯಿಂದ ಜಾರಿಬಿಟ್ಟಿರುತ್ತದೆ. ನರಕದಲ್ಲಿ ಅದು ಧರ್ಮದ್ರೋಹ. ಹತ್ತೊಂಬತ್ತನೇ ಪತ್ರದಲ್ಲಿ ಹೆದರಿಕೊಂಡು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೆಣಗುತ್ತಾನೆ. ಪ್ರೀತಿ ಅಸಾಧ್ಯ, ಅದರ ಹಿಂದೆ ಏನೋ ಲಾಭ ಇರಲೇಬೇಕು, ಅದೇನೆಂದು ಇನ್ನೂ ಪತ್ತೆಯಾಗಿಲ್ಲ ಎನ್ನುತ್ತಾನೆ. ಸೈತಾನ ದೇವರೊಂದಿಗೆ ಜಗಳವಾಡಿ ಹೊರಬಂದದ್ದೂ ಈ ಪ್ರಶ್ನೆಯ ಮೇಲೆಯೇ ಅಂತೆ. ಈ ಮನುಷ್ಯರಿಂದ ನಿನಗೇನು ಪ್ರಯೋಜನ, ಗುಟ್ಟು ಬಿಟ್ಟು ಹೇಳು ಎಂದು ಅವನು ಪಟ್ಟುಹಿಡಿದ. ಆ ಗುಟ್ಟನ್ನು ತಿಳಿಯಬೇಕೆಂಬ ತಳಮಳ ತನಗೆ ನಿಜಕ್ಕೂ ಇದೆಯೆಂದು ಒಪ್ಪಿಕೊಂಡ. ನಿನಗದು ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು, ನನ್ನ ಮನಸಾರೆ ಬಯಕೆಯೂ ಅದೇ ಎಂದು ದೇವರು ಉತ್ತರಿಸಿದ. ಸ್ಕ್ರೂಟೇಪ್ ಈ ಮಾತನ್ನು ಅಳಿಯನಿಗೆ ತಪ್ಪಿಲ್ಲದೆ ಒಪ್ಪಿಸುತ್ತಾನೆ, ಮುಂದಿನ ವಿಷಯಕ್ಕೆ ಹೋಗುತ್ತಾನೆ.